ಸಾಲು ಮತ್ತು ಮರ: ಸೃಷ್ಟಿ–ವಿಕಾಸಗಳ ಚಿತ್ರಗಳನ್ನು ಓದುವ ಬಗೆ

ಸೃಷ್ಟಿ ಮತ್ತು ವಿಕಾಸ ಎಂಬ ವಿಷಯದ ಮೇಲೆ ಏರ್ಪಡುವ ಚಿತ್ರಪ್ರದರ್ಶನಗಳಲ್ಲಿ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುವುದು ವಾಡಿಕೆ. ಮೊದಲನೆಯದು ದಶಾವತಾರದ ಪಟ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಮುಂತಾದ ಹತ್ತು ರೂಪಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಎರಡನೆಯದು, ಬಾಗಿದ ಬೆನ್ನಿನ ವಾನರಸದೃಶ ಜೀವಿಯೊಂದು ಹೆಜ್ಜೆ ಹೆಜ್ಜೆಗೂ ನೆಟ್ಟಗಾಗುತ್ತ ಕೊನೆಗೆ ಮನುಷ್ಯನಾಗಿ ನಡೆಯುವ ಚಿತ್ರ. ಇವೆರಡನ್ನೂ ನೋಡಿದವರು ಸಹಜವಾಗಿಯೇ ಕೇಳುತ್ತಾರೆ: “ಎರಡೂ ಹೇಳುವುದು ಒಂದನ್ನೇ ಅಲ್ಲವೆ? ಡಾರ್ವಿನ್ ಹೇಳಿದ್ದನ್ನು ನಮ್ಮ ಹಿರಿಯರು ಮೊದಲೇ ಹೇಳಿರಲಿಲ್ಲವೆ?”

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಜೀವಶಾಸ್ತ್ರದ ವಿದ್ಯಾರ್ಥಿ ಮಾತ್ರವೆಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಭಾವಿಸಬಾರದು. ಪ್ರಶ್ನೆಯ ಅರ್ಧಭಾಗ ಪುರಾಣಕ್ಕೆ, ಕಾವ್ಯಕ್ಕೆ, ಶಿಲ್ಪಕ್ಕೆ ಸೇರಿದ್ದು. ಪುರಾಣವನ್ನು ತಪ್ಪಾಗಿ ಓದಿದರೆ ವಿಜ್ಞಾನಕ್ಕೆ ಹಾನಿಯಾಗುವುದಕ್ಕೂ ಮುನ್ನ ಪುರಾಣಕ್ಕೇ ಹಾನಿಯಾಗುತ್ತದೆ. ಆ ಎರಡು ಚಿತ್ರಗಳ ಸಾಮ್ಯವು ದಶಾವತಾರದ ಅರೆ ಓದಿಗೂ ವಿಕಾಸವಾದದ ತಪ್ಪು ಚಿತ್ರಕ್ಕೂ ನಡುವೆ ಏರ್ಪಟ್ಟ ಸಾಮ್ಯವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಪದಗಳ ವಿಚಾರ

ಮೊದಲು ಪದಗಳನ್ನು ಗಮನಿಸೋಣ. ‘ಸೃಷ್ಟಿ’ ಎಂಬುದು ‘ಸೃಜ್’ ಧಾತುವಿನಿಂದ ಬಂದದ್ದು. ಬಿಡುವುದು, ಹೊರಸೂಸುವುದು, ಹರಿಯಬಿಡುವುದು ಎಂಬುದು ಅದರ ಮೂಲಾರ್ಥ. ಏನೂ ಇಲ್ಲದಲ್ಲಿಂದ ವಸ್ತುವನ್ನು ನಿರ್ಮಿಸುವುದು ಎಂಬ ಅರ್ಥ ಆ ಧಾತುವಿನಲ್ಲಿಲ್ಲ. ‘ಅವತಾರ’ ಎಂದರೆ ಕೆಳಗಿಳಿದು ಬರುವುದು. ‘ಅವ’ ಎಂಬ ಉಪಸರ್ಗವೇ ಆ ದಿಕ್ಕನ್ನು ಸೂಚಿಸುತ್ತದೆ. ‘ವಿಕಾಸ’ ಎಂದರೆ ಅರಳುವುದು, ಬಿರಿಯುವುದು. ಮೊಗ್ಗಿನೊಳಗೆ ಮೊದಲೇ ಇದ್ದುದು ಹೂವಾಗಿ ತೆರೆದುಕೊಳ್ಳುವ ಭಾವ ಅದರಲ್ಲಿದೆ.

ಡಾರ್ವಿನ್ನನ ಸಿದ್ಧಾಂತಕ್ಕೆ ನಾವು ಬಳಸುವ ‘ವಿಕಾಸ’ ಎಂಬ ಪದವೇ ಪೂರ್ಣವಾಗಿ ಹೊಂದುವಂಥದಲ್ಲ ಎಂಬುದು ಇದರಿಂದ ತಿಳಿಯುತ್ತದೆ. 1859ರಲ್ಲಿ ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿದಾಗ ಡಾರ್ವಿನ್ನನೂ ಇದಕ್ಕೆ ಸಮಾನವಾದ ಇಂಗ್ಲಿಷ್ ಪದದ ಮೇಲೆ ತನ್ನ ವಾದವನ್ನು ನಿಲ್ಲಿಸಲಿಲ್ಲ. ‘ಮಾರ್ಪಾಡಿನೊಡನೆ ಇಳಿದುಬರುವ ವಂಶ’ ಎಂಬರ್ಥದ ಪದಪುಂಜವನ್ನು ಆತ ಹೆಚ್ಚಾಗಿ ಬಳಸಿದ. ಮೊಗ್ಗು ಅರಳುವುದಕ್ಕೆ ನಿಶ್ಚಿತವಾದ ಗುರಿಯೊಂದಿದೆ. ವಂಶ ಕವಲೊಡೆಯುವುದಕ್ಕೆ ಅಂಥ ಗುರಿಯಿಲ್ಲ. ಈ ಭೇದ ಮನಸ್ಸಿನಲ್ಲಿದ್ದರೆ ಮುಂದಿನ ವಿಚಾರ ಸುಲಭವಾಗುತ್ತದೆ.

ದಶಾವತಾರ ಎಂಬ ಸಾಲು

ದಶಾವತಾರವು ಜೀವವಿಕಾಸದ ಕ್ರಮವನ್ನೇ ಹೇಳುತ್ತದೆ ಎಂಬ ವಾದ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲೇ ಬಂಗಾಳದ ಕೇಶವಚಂದ್ರ ಸೇನರು ಈ ಬಗೆಯ ಹೋಲಿಕೆ ಮಾಡಿದ್ದರು. 2019ರ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿಯೂ ಆಂಧ್ರಪ್ರದೇಶದ ಕುಲಪತಿಗಳೊಬ್ಬರಿಂದ ಇದೇ ಮಾತು ಕೇಳಿಬಂದಿತು. ಮತ್ಸ್ಯ ಜಲಚರ, ಕೂರ್ಮ ಉಭಯಚರ, ವರಾಹ ಭೂಚರ, ನರಸಿಂಹ ಅರ್ಧಮಾನವ, ವಾಮನ ಕುಬ್ಜಮಾನವ ಎಂದು ಈ ವಾದ ಮುಂದುವರಿಯುತ್ತದೆ. ಕೇಳಲು ಸೊಗಸಾಗಿದೆ. ಆದರೆ ಕಥೆಗಳನ್ನು ಪೂರ್ತಿಯಾಗಿ ಓದಿದವರಿಗೆ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದಾಗಿ, ಮತ್ಸ್ಯಾವತಾರದ ಕಥೆಯಲ್ಲಿ ಮೀನನ್ನು ಅಂಗೈಯಲ್ಲಿ ಎತ್ತಿಕೊಳ್ಳುವವನು ಮನು. ಮೀನು ಕಾಣಿಸಿಕೊಳ್ಳುವ ಮೊದಲೇ ಅಲ್ಲಿ ಮನುಷ್ಯನಿದ್ದಾನೆ. ಕೂರ್ಮಾವತಾರ ನಡೆಯುವುದು ಸಮುದ್ರಮಥನದ ಸಂದರ್ಭದಲ್ಲಿ. ಅಲ್ಲಿ ದೇವತೆಗಳೂ ಅಸುರರೂ ಹಗ್ಗ ಹಿಡಿದು ನಿಂತಿದ್ದಾರೆ. ಇವು ಜೀವಿಗಳು ಹುಟ್ಟಿಬಂದ ಕ್ರಮವನ್ನು ಹೇಳುವ ಕಥೆಗಳಲ್ಲ.

ಎರಡನೆಯದಾಗಿ, ಕ್ರಮವೂ ಒಂದೇ ಆಗಿಲ್ಲ. ಭಾಗವತದ ಪ್ರಥಮ ಸ್ಕಂಧದ ಪಟ್ಟಿಯಲ್ಲಿ ಇಪ್ಪತ್ತೆರಡು ಅವತಾರಗಳಿವೆ. ಸನಕಾದಿ ಕುಮಾರರು ಅಲ್ಲಿ ಮೊದಲಿಗರು, ವರಾಹ ಎರಡನೆಯವನು. ಮತ್ಸ್ಯ ಬರುವುದು ಹತ್ತನೆಯ ಸ್ಥಾನದಲ್ಲಿ. ಎಂಟನೆಯ ಅವತಾರ ಋಷಭ. ಪಂಪನ ‘ಆದಿಪುರಾಣ’ದ ನಾಯಕನಾದ ಆದಿನಾಥನ ಹೆಸರು ಅದೇ ಎಂಬುದನ್ನು ಕನ್ನಡ ವಿದ್ಯಾರ್ಥಿಗಳು ಗಮನಿಸಬೇಕು. ಇನ್ನು ರಾಮನಿಗಿಂತ ಹಿಂದಿನ ಅವತಾರವಾದ ಪರಶುರಾಮನು ರಾಮನನ್ನೇ ಎದುರಿಸುತ್ತಾನೆ, ಮುಂದೆ ಭಾರತದ ಕಥೆಯಲ್ಲಿ ಕರ್ಣನಿಗೆ ಗುರುವಾಗುತ್ತಾನೆ. ಒಂದು ಹಂತ ಮುಗಿದ ಮೇಲೆ ಇನ್ನೊಂದು ಹಂತ ಬರುತ್ತದೆ ಎಂಬ ನಿಯಮ ಪುರಾಣಕ್ಕಿಲ್ಲ.

ಮೂರನೆಯದು ಅರ್ಥಕ್ಕೆ ಸಂಬಂಧಿಸಿದ ತೊಡಕು. ಸಾಹಿತ್ಯದ ವಿದ್ಯಾರ್ಥಿಗೆ ಇದೇ ಮುಖ್ಯವಾದದ್ದು. ನಮ್ಮ ಮೂಡಲಿನ ನಲ್ಲಮಲ ಬೆಟ್ಟಗಳಲ್ಲಿರುವ ಅಹೋಬಿಲ ನರಸಿಂಹನ ಕ್ಷೇತ್ರ. ನರಸಿಂಹನನ್ನು ‘ಅರ್ಧ ವಿಕಾಸಗೊಂಡ ಮಾನವ’ ಎಂದರೆ ಆ ಕಥೆಯ ಜೀವವೇ ಹೋಗುತ್ತದೆ. ಹಿರಣ್ಯಕಶಿಪುವಿಗೆ ದೊರೆತ ವರದ ಪ್ರಕಾರ ಆತನನ್ನು ಮನುಷ್ಯನೂ ಮೃಗವೂ ಕೊಲ್ಲುವಂತಿಲ್ಲ; ಹಗಲಿನಲ್ಲೂ ಇರುಳಿನಲ್ಲೂ, ಒಳಗೂ ಹೊರಗೂ ಕೊಲ್ಲುವಂತಿಲ್ಲ. ಆ ಒಗಟಿಗೆ ಉತ್ತರವಾಗಿ, ಸಂಜೆಯ ಹೊತ್ತಿನಲ್ಲಿ, ಹೊಸ್ತಿಲ ಮೇಲೆ, ನರನೂ ಅಲ್ಲದ ಮೃಗವೂ ಅಲ್ಲದ ರೂಪವೊಂದು ಬರುತ್ತದೆ. ಅಹಂಕಾರವು ತಾನು ಎಲ್ಲ ಬಾಗಿಲುಗಳನ್ನೂ ಮುಚ್ಚಿದ್ದೇನೆಂದು ನಂಬಿದಾಗ ಉಳಿದುಬಿಡುವ ಒಂದು ಸಂದು ಆ ರೂಪದ ಅರ್ಥ.

ಬಾದಾಮಿಯ ಮೂರನೆಯ ಗುಹೆಯಲ್ಲಿಯೂ ಹೀಗೆಯೇ. ಮಂಗಳೇಶನು ಬರೆಸಿದ, ಕ್ರಿ.ಶ. 578ರ ಶಾಸನವುಳ್ಳ ಆ ಗುಹೆಯಲ್ಲಿ ವರಾಹ, ನರಸಿಂಹ, ತ್ರಿವಿಕ್ರಮರ ಬೃಹತ್ ಶಿಲ್ಪಗಳಿವೆ. ಅವು ಒಂದರ ಹಿಂದೊಂದು ಬರುವ ಹಂತಗಳಾಗಿ ಕೆತ್ತಿದವಲ್ಲ. ಒಂದೊಂದೂ ಸ್ವತಂತ್ರವಾದ ಉದ್ಧಾರದ ಕ್ಷಣ. ವರಾಹವು ಚಾಲುಕ್ಯರ ಲಾಂಛನ. ಮುಳುಗಿದ ಭೂದೇವಿಯನ್ನು ಎತ್ತುವ ವರಾಹನಲ್ಲಿ ಆ ಕಾಲದ ನೋಟಕರು ನೆಲವನ್ನು ಕಾಯುವ ಅರಸನನ್ನೂ ಕಂಡಿದ್ದರೆ ಆಶ್ಚರ್ಯವಿಲ್ಲ. ಅದನ್ನು ‘ಸ್ತನಿಗಳ ಹಂತ’ ಎಂದು ಗುರುತಿಸಿದರೆ ಶಿಲ್ಪಿಯ ಮಾತು ನಮಗೆ ಕೇಳಿಸದೆ ಹೋಗುತ್ತದೆ.

ಆದಿಪುರಾಣ: ಕರ್ತೃವಿಲ್ಲದ ಲೋಕ

ಭಾರತದಲ್ಲಿ ಎಲ್ಲರೂ ಸೃಷ್ಟಿಕರ್ತನನ್ನು ಒಪ್ಪಿದ್ದರು ಎಂಬುದೂ ಸರಿಯಲ್ಲ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ಕ್ಕೆ ಆಕರ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಗ್ರಂಥ. ಜಿನಸೇನರು ಅಲ್ಲಿ ಸೃಷ್ಟಿವಾದವನ್ನು ನೇರವಾಗಿ ಖಂಡಿಸುತ್ತಾರೆ. ಅವರ ವಾದದ ಸಾರ ಹೀಗಿದೆ: ಲೋಕವೇ ಇಲ್ಲದಿದ್ದಾಗ ಕರ್ತೃವು ಎಲ್ಲಿ ನಿಂತಿದ್ದನು? ಯಾವ ಸಾಮಗ್ರಿಯಿಂದ ಲೋಕವನ್ನು ಮಾಡಿದನು? ಸಾಮಗ್ರಿ ಮೊದಲೇ ಇದ್ದಿತೆಂದರೆ ಅದನ್ನು ಮಾಡಿದವರಾರು? ಪರಿಪೂರ್ಣನಾದವನಿಗೆ ಸೃಷ್ಟಿಸುವ ಇಚ್ಛೆ ಹುಟ್ಟುವುದಾದರೂ ಹೇಗೆ? ಹೀಗೆ ಪ್ರಶ್ನಿಸುತ್ತ ಹೋಗಿ, ಲೋಕವು ಆದ್ಯಂತಗಳಿಲ್ಲದ್ದು, ಯಾರಿಂದಲೂ ಮಾಡಲ್ಪಡದ್ದು ಎಂಬ ಜೈನ ನಿಲುವನ್ನು ಅವರು ಸ್ಥಾಪಿಸುತ್ತಾರೆ.

ಹಾಗಾದರೆ ಜೈನರು ವಿಕಾಸವಾದಿಗಳೆ? ಇಲ್ಲಿಯೂ ಅವಸರ ಸಲ್ಲದು. ಕರ್ತೃವನ್ನು ನಿರಾಕರಿಸುವುದು ಬೇರೆ, ಒಂದು ಜೀವಪ್ರಭೇದದಿಂದ ಇನ್ನೊಂದು ಹುಟ್ಟುತ್ತದೆ ಎನ್ನುವುದು ಬೇರೆ. ಆದಿಪುರಾಣದ ಭವಾವಳಿಯಲ್ಲಿ ಒಂದೇ ಜೀವ ಮಹಾಬಲನಾಗಿ, ಲಲಿತಾಂಗನಾಗಿ, ವಜ್ರಜಂಘನಾಗಿ, ಕೊನೆಗೆ ವೃಷಭನಾಥನಾಗಿ ಜನ್ಮ ತಾಳುತ್ತದೆ. ಅದು ಭೋಗದಿಂದ ವಿರಕ್ತಿಯ ಕಡೆಗೆ ನಡೆಯುವ ಆತ್ಮದ ಪಯಣ. ಡಾರ್ವಿನ್ನನ ಸಿದ್ಧಾಂತದಲ್ಲಿ ಯಾವೊಂದು ಜೀವವೂ ಪಯಣಿಸುವುದಿಲ್ಲ. ಒಂದು ಗುಂಪಿನೊಳಗಿನ ಸಣ್ಣಸಣ್ಣ ವ್ಯತ್ಯಾಸಗಳಲ್ಲಿ ಕೆಲವು ಆಯಾ ಪರಿಸರದಲ್ಲಿ ಉಳಿಯುತ್ತವೆ, ಕೆಲವು ಅಳಿಯುತ್ತವೆ. ತಲೆಮಾರುಗಳು ಕಳೆದಂತೆ ಗುಂಪೇ ಬದಲಾಗುತ್ತದೆ. ಇದನ್ನೇ ನಿಸರ್ಗದ ಆಯ್ಕೆ ಎನ್ನುತ್ತೇವೆ. ಪಂಪನ ಕಾವ್ಯಕ್ಕೆ ಬೇಕಾದದ್ದು ಜೀವದ ಬಿಡುಗಡೆ. ಡಾರ್ವಿನ್ನನಿಗೆ ಬೇಕಾದದ್ದು ಜೀವಜಾತಿಗಳ ವೈವಿಧ್ಯಕ್ಕೆ ಕಾರಣ. ಎರಡೂ ಗಂಭೀರವಾದ ಪ್ರಶ್ನೆಗಳೇ. ಆದರೆ ಬೇರೆ ಬೇರೆ ಪ್ರಶ್ನೆಗಳು.

ಎರ್ರಗುಡಿಯ ಬಂಡೆ ಕಲಿಸುವ ಪಾಠ

ಈಗ ಎರಡನೆಯ ಚಿತ್ರಕ್ಕೆ ಬರೋಣ. ಬಾಗಿದ ಜೀವಿ ನೆಟ್ಟಗಾಗುತ್ತ ನಡೆಯುವ ಆ ಪ್ರಸಿದ್ಧ ಚಿತ್ರ ಡಾರ್ವಿನ್ನನದಲ್ಲ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಜನಪ್ರಿಯ ವಿಜ್ಞಾನದ ಪುಸ್ತಕವೊಂದಕ್ಕಾಗಿ ರುಡಾಲ್ಫ್ ಜಾಲಿಂಜರ್ ಎಂಬ ಚಿತ್ರಕಾರರು ಬರೆದದ್ದು ಅದು. ಡಾರ್ವಿನ್ ಬರೆದ ಚಿತ್ರ ಬೇರೆಯೇ ಇದೆ. 1837ರಲ್ಲಿ ಆತ ತನ್ನ ಟಿಪ್ಪಣಿ ಪುಸ್ತಕದಲ್ಲಿ ಕವಲೊಡೆದ ಸಣ್ಣದೊಂದು ಮರವನ್ನು ಗೀಚಿದ. 1859ರ ಗ್ರಂಥದಲ್ಲಿದ್ದ ಒಂದೇ ಒಂದು ಚಿತ್ರವೂ ಅಂಥ ಕವಲುಗಳ ನಕ್ಷೆಯೇ. ಸಾಲಿನಲ್ಲಿ ಮೊದಲನೆಯವರು ಕೀಳು, ಕೊನೆಯವರು ಮೇಲು ಎಂಬ ಭಾವ ಬರುತ್ತದೆ. ಮರದಲ್ಲಿ ಹಾಗಲ್ಲ, ಇಂದು ಬದುಕಿರುವ ಪ್ರತಿಯೊಂದು ಜೀವಿಯೂ ಒಂದೊಂದು ಕೊಂಬೆಯ ತುದಿಯಲ್ಲಿದೆ.

“ಮನುಷ್ಯನು ಮಂಗನಿಂದ ಬಂದನಾದರೆ ಮಂಗಗಳು ಇಂದಿಗೂ ಏಕಿವೆ?” ಎಂಬ ಪ್ರಶ್ನೆ ಹುಟ್ಟುವುದು ಸಾಲಿನ ಚಿತ್ರದಿಂದ. ಇದಕ್ಕೆ ಉತ್ತರ ಕೊಡಲು ಪತ್ತಿಕೊಂಡದ ಕನ್ನಡ ವಿದ್ಯಾರ್ಥಿಗೆ ತನ್ನ ಊರಿನಲ್ಲೇ ಉದಾಹರಣೆ ಸಿಗುತ್ತದೆ. ಕನ್ನಡ ತೆಲುಗಿನಿಂದ ಬಂದಿತೆ, ತೆಲುಗು ಕನ್ನಡದಿಂದ ಬಂದಿತೆ? ಎರಡೂ ಅಲ್ಲವೆಂದು ಭಾಷಾಶಾಸ್ತ್ರದ ಪತ್ರಿಕೆಯಲ್ಲಿ ನಾವೇ ಬರೆಯುತ್ತೇವೆ. ಎರಡಕ್ಕೂ ಮೂಲದ್ರಾವಿಡವೆಂಬ ಒಂದು ಹಿಂದಿನ ಭಾಷೆಯಿದ್ದಿತು. ಕನ್ನಡ ದಕ್ಷಿಣ ದ್ರಾವಿಡ ಕವಲಿಗೆ, ತೆಲುಗು ಮಧ್ಯ-ದಕ್ಷಿಣ ಕವಲಿಗೆ ಸೇರಿತು. ಅದೇ ರೀತಿ ಇಂದಿನ ಮಂಗಗಳೂ ಮನುಷ್ಯನೂ ಸಮಾನ ಪೂರ್ವಜರಿಂದ ಬೇರೆ ಬೇರೆ ಕವಲುಗಳಾಗಿ ಬಂದವರು. ತೆಲುಗು ಇಂದಿಗೂ ಏಕಿದೆ ಎಂದು ಯಾರೂ ಕೇಳುವುದಿಲ್ಲ! ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂದದ್ದು 1856ರಲ್ಲಿ, ಡಾರ್ವಿನ್ನನ ಗ್ರಂಥಕ್ಕೆ ಮೂರು ವರ್ಷ ಮೊದಲು. ಡಾರ್ವಿನ್ನನೂ ತನ್ನ ಬರಹಗಳಲ್ಲಿ ಜೀವಿಗಳ ವಂಶಾವಳಿಯನ್ನು ವಿವರಿಸಲು ಭಾಷೆಗಳ ವಂಶಾವಳಿಯನ್ನು ಹೋಲಿಕೆಯಾಗಿ ತಂದಿದ್ದಾನೆ.

ಪಕಾರ ಹಕಾರವಾದ ಬಗೆಯನ್ನೂ ನೆನೆಯಿರಿ. ಹಳಗನ್ನಡದ ಪಾಲ್, ಪುಲಿ, ಪಂದಿ ಎಂಬವು ಹಾಲು, ಹುಲಿ, ಹಂದಿ ಆದವು; ತೆಲುಗಿನಲ್ಲಿ ಪಾಲು, ಪುಲಿ, ಪಂದಿ ಎಂದೇ ಉಳಿದವು. ಕನ್ನಡಿಗರು ಯಾವ ದಿನ ಪಕಾರವನ್ನು ಬಿಟ್ಟರು? ಅಂಥ ದಿನವೊಂದಿಲ್ಲ. ಕೆಲವರ ಬಾಯಲ್ಲಿ ಹೊಸ ಉಚ್ಚಾರಣೆ, ಕೆಲವರ ಬಾಯಲ್ಲಿ ಹಳೆಯದು, ಎರಡೂ ಕೂಡಿಕೊಂಡು ಬಹುಕಾಲ ನಡೆದವು. ಯಾರೂ ಆಜ್ಞೆ ಹೊರಡಿಸದೆ, ಯಾರೂ ಮುಂದಾಗಿ ಯೋಜಿಸದೆ ಭಾಷೆಯೊಂದು ಬದಲಾಯಿತು. ಜೀವಿಗಳ ಗುಂಪಿನ ಬದಲಾವಣೆಯನ್ನು ಕಲ್ಪಿಸಿಕೊಳ್ಳಲು ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಇನ್ನು ಲಿಪಿಯ ವಿಚಾರ. ಲಿಪಿಯ ಹುಟ್ಟಿಗೆ ನಮ್ಮಲ್ಲಿ ಎರಡು ಕಥನಗಳಿವೆ. ಒಂದು ಜೈನ ಪುರಾಣದ್ದು: ಆದಿನಾಥನು ತನ್ನ ಮಗಳಾದ ಬ್ರಾಹ್ಮಿಗೆ ಅಕ್ಷರಗಳನ್ನೂ ಸೌಂದರಿಗೆ ಅಂಕಗಳನ್ನೂ ಕಲಿಸಿದನು. ಇನ್ನೊಂದು ಶಾಸನಗಳದ್ದು. ಪತ್ತಿಕೊಂಡಕ್ಕೆ ದಕ್ಷಿಣದಲ್ಲಿ ಜೊನ್ನಗಿರಿಯ ಬಳಿಯ ಎರ್ರಗುಡಿಯಲ್ಲಿಯೂ ಸಮೀಪದ ರಾಜುಲಮಂಡಗಿರಿಯಲ್ಲಿಯೂ ಅಶೋಕನ ಬ್ರಾಹ್ಮೀ ಶಾಸನಗಳಿವೆ. ಅಲ್ಲಿಯ ‘ಕ’ ಕೂಡಿಸುವ ಚಿಹ್ನೆಯಂತಿರುವ ಎರಡು ಗೆರೆಗಳು ಮಾತ್ರ. ಆ ಗೆರೆಗಳೇ ಶತಮಾನಗಳುದ್ದಕ್ಕೂ ಬಾಗುತ್ತ, ತಲೆಕಟ್ಟು ಪಡೆಯುತ್ತ, ಕನ್ನಡ–ತೆಲುಗುಗಳೆರಡಕ್ಕೂ ಸಮಾನವಾಗಿದ್ದ ಲಿಪಿಯಾಗಿ, ಕೊನೆಗೆ ಎರಡು ಲಿಪಿಗಳಾಗಿ ಕವಲೊಡೆದವು. ಇಂದು ಪತ್ತಿಕೊಂಡದ ಯಾವ ಅಂಗಡಿಯ ಫಲಕವನ್ನು ನೋಡಿದರೂ ತಲೆಕಟ್ಟಿನ ಆಕಾರದಲ್ಲಿ ಆ ಕವಲು ಕಣ್ಣಿಗೆ ಕಾಣುತ್ತದೆ.

ಪುರಾಣದ ಕಥೆ ಸುಳ್ಳೆಂದು ಬದಿಗಿಡಬೇಕೆ? ಬೇಕಿಲ್ಲ. ತಂದೆಯೊಬ್ಬನು ಮೊದಲ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಕೊಟ್ಟನೆಂಬುದು ವಿದ್ಯೆಯ ಘನತೆಯನ್ನು ಹೇಳುವ ಮಾತು. ಅಕ್ಷರದ ಆಕಾರ ಹೇಗೆ ಬದಲಾಯಿತೆಂಬುದಕ್ಕೆ ಮಾತ್ರ ಸಾಕ್ಷಿ ಬಂಡೆಯ ಮೇಲಿದೆ. ಆ ಪ್ರಶ್ನೆಯನ್ನು ಬಂಡೆಯನ್ನೇ ಕೇಳಬೇಕು. ಹೋಲಿಕೆಯ ಮಿತಿಯನ್ನೂ ಇಲ್ಲಿ ಹೇಳುವುದು ಅಗತ್ಯ: ಬರೆಯುವವನಿಗೆ ಉದ್ದೇಶವಿರುತ್ತದೆ, ನಿಸರ್ಗದ ಆಯ್ಕೆಗೆ ಉದ್ದೇಶವಿಲ್ಲ. ಲಿಪಿ, ಭಾಷೆಗಳು ಜೀವವಿಕಾಸಕ್ಕೆ ದೃಷ್ಟಾಂತಗಳು, ಪ್ರಮಾಣಗಳಲ್ಲ.

ಮೂಡಲಿನ ಗವಿಗಳು

ಪ್ರಮಾಣಗಳಿರುವುದು ನೆಲದೊಳಗೆ. ಅವುಗಳಲ್ಲಿ ಕೆಲವು ಪತ್ತಿಕೊಂಡದ ಮೂಡಲಿಗೇ ಇವೆ. ಹಿಂದೆ ಕರ್ನೂಲು ಜಿಲ್ಲೆಯಲ್ಲಿದ್ದು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದ ಬೇತಂಚರ್ಲದ ಬಳಿ ಬಿಲ್ಲಸುರ್ಗಂ ಎಂಬ ಸುಣ್ಣಕಲ್ಲಿನ ಗವಿಗಳಿವೆ. ಡಾರ್ವಿನ್ನನ ವಾದವನ್ನು ಇಂಗ್ಲೆಂಡಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಸಮರ್ಥಿಸಿದ ಥಾಮಸ್ ಹೆನ್ರಿ ಹಕ್ಸ್‌ಲಿ ಈ ಗವಿಗಳನ್ನು ಶೋಧಿಸಬೇಕೆಂದು ಮದರಾಸಿನ ಗವರ್ನರ್ ಗ್ರಾಂಟ್ ಡಫ್‌ಗೆ ಸೂಚಿಸಿದರು. ಅದರಂತೆ 1884–85ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಹೆನ್ರಿ ಫೂಟ್ ಅಲ್ಲಿ ಅಗೆತ ನಡೆಸಿದರು. ಅನೇಕ ಪ್ರಾಣಿಗಳ ಎಲುಬುಗಳು ದೊರೆತವು. ಅವುಗಳನ್ನು ಅಭ್ಯಸಿಸಿದ ಲಿಡೆಕರ್ 1886ರಲ್ಲಿ ಒಂದು ಖಡ್ಗಮೃಗಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಇಂದು ಈ ಬಯಲುಗಳಲ್ಲಿ ಖಡ್ಗಮೃಗವಿಲ್ಲ. ಅದರ ಎಲುಬು ಮಾತ್ರ ಒಮ್ಮೆ ಅದು ಇದ್ದಿತೆಂದು ಹೇಳುತ್ತದೆ.

ಅದೇ ಸೀಮೆಯ ಜ್ವಾಲಾಪುರದಲ್ಲಿ, ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಉಗುಳಿದ ಬೂದಿಯ ಪದರವಿದೆ. ಆ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ದೊರೆತಿವೆಯೆಂದು ರವಿ ಕೋರಿಶೆಟ್ಟರ್ ಮೊದಲಾದವರಿದ್ದ ಸಂಶೋಧಕರ ತಂಡ 2007ರಲ್ಲಿ ಪ್ರಕಟಿಸಿತು. ಫೂಟ್ ಅವರ ಹೆಸರನ್ನು ಹೊತ್ತ ಪುರಾತತ್ತ್ವ ವಸ್ತುಸಂಗ್ರಹಾಲಯ ಪಡುವಣದ ಬಳ್ಳಾರಿಯಲ್ಲಿದೆ. ಪತ್ತಿಕೊಂಡದ ಮೂಡಲಿಗೆ ಗವಿ, ಪಡುವಲಿಗೆ ಸಂಗ್ರಹಾಲಯ, ನಡುವೆ ಅಶೋಕನ ಬಂಡೆ: ಈ ವಿಷಯದ ಪ್ರದರ್ಶನಕ್ಕೆ ಬೇಕಾದ ಸಾಮಗ್ರಿ ನಮ್ಮ ಸುತ್ತಲೇ ಹರಡಿದೆ.

ಕನ್ನಡ ಕಾದಂಬರಿಯಲ್ಲಿ ವಿಕಾಸ

ವಿಕಾಸದ ಅರಿವು ಸಾಹಿತ್ಯವಾಗಬಲ್ಲುದೆ ಎಂಬ ಪ್ರಶ್ನೆಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಉತ್ತರವಾಗಿದೆ. ವಿಜ್ಞಾನಿ ಕರ್ವಾಲೊ, ಹಳ್ಳಿಗ ಮಂದಣ್ಣ, ನಿರೂಪಕ ಮುಂತಾದವರು ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುತ್ತಾರೆ. ಓತಿ ಕಾಣುತ್ತದೆ, ಆದರೆ ಕೈಗೆ ಸಿಗದೆ ಕಣಿವೆಯ ಕಡೆಗೆ ತೇಲಿಹೋಗುತ್ತದೆ. ಹಾರುವ ಓತಿ ಕಲ್ಪಿತ ಜೀವಿಯಲ್ಲ. ಪಶ್ಚಿಮಘಟ್ಟದಲ್ಲಿ ಅದು ಇದೆ. ಅದರ ರೆಕ್ಕೆಯೆಂದರೆ ಚಾಚಿಕೊಂಡ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಬಾವಲಿಯ ರೆಕ್ಕೆ ಬೆರಳುಗಳ ಮೇಲೆ ನಿಂತದ್ದು, ಹಕ್ಕಿಯದು ಗರಿಗಳಿಂದಾದದ್ದು. ಗಾಳಿಯಲ್ಲಿ ತೇಲುವ ಉಪಾಯ ಮೂರು ಕೊಂಬೆಗಳಲ್ಲಿ ಮೂರು ಬಗೆಯಾಗಿ ಬಂದಿದೆ. ಸಾಲಿನ ಚಿತ್ರದಲ್ಲಿ ಈ ಓತಿಗೆ ಜಾಗವಿಲ್ಲ, ಮರದ ಚಿತ್ರದಲ್ಲಿದೆ. ಕಾದಂಬರಿಯ ಕೊನೆಯಲ್ಲಿ ಓದುಗನಿಗೆ ಉಳಿಯುವ ವಿಸ್ಮಯಕ್ಕೆ ಸೃಷ್ಟಿಕರ್ತನ ಹೆಸರೂ ಬೇಕಾಗುವುದಿಲ್ಲ, ಪಾಠಪುಸ್ತಕದ ವ್ಯಾಖ್ಯೆಯೂ ಬೇಕಾಗುವುದಿಲ್ಲ.

ಉಪಸಂಹಾರ

ಈ ವಿಚಾರ ಇಂದು ಬರಿಯ ಪಾಂಡಿತ್ಯದ ಮಾತಾಗಿ ಉಳಿದಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತ ತಪ್ಪೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರ ಹೊತ್ತಿಗೆ ಹತ್ತನೆಯ ತರಗತಿಯ ಕೇಂದ್ರೀಯ ವಿಜ್ಞಾನ ಪಠ್ಯದಿಂದ ವಿಕಾಸದ ಭಾಗವೇ ಹೊರಹೋಯಿತು. ಹತ್ತನೆಯ ತರಗತಿಯ ಬಳಿಕ ಕಲಾ ವಿಭಾಗಕ್ಕೆ ಬರುವ ವಿದ್ಯಾರ್ಥಿಗೆ ಇನ್ನು ಈ ವಿಷಯ ಯಾವ ತರಗತಿಯಲ್ಲೂ ಎದುರಾಗದೆ ಹೋಗಬಹುದು. ಸಾಹಿತ್ಯದ ತರಗತಿಯಲ್ಲಿ ಅದನ್ನು ಚರ್ಚಿಸುವ ಅಗತ್ಯ ಹೆಚ್ಚಿರುವುದು ಈ ಕಾರಣದಿಂದ.

ಚಿತ್ರವನ್ನೋ ಕಾವ್ಯವನ್ನೋ ಎದುರಿಟ್ಟುಕೊಂಡಾಗ ವಿದ್ಯಾರ್ಥಿಯು ಮೊದಲು ಕೇಳಬೇಕಾದದ್ದು ‘ಇದು ಯಾವ ಪ್ರಶ್ನೆಗೆ ಉತ್ತರ?’ ಎಂದು. ನರಸಿಂಹನು ಅಹಂಕಾರದ ಪ್ರಶ್ನೆಗೆ, ಭವಾವಳಿ ಬಿಡುಗಡೆಯ ಪ್ರಶ್ನೆಗೆ, ಡಾರ್ವಿನ್ನನ ಮರ ಜೀವವೈವಿಧ್ಯದ ಪ್ರಶ್ನೆಗೆ ಉತ್ತರಗಳು. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಯ ಕೆಳಗೆ ಬರೆದರೆ ಎರಡಕ್ಕೂ ಅಂಕ ಸಿಗುವುದಿಲ್ಲ. ಪ್ರದರ್ಶನದಲ್ಲಿ ದಶಾವತಾರದ ಪಟವೂ ಇರಲಿ, ಮರದ ನಕ್ಷೆಯೂ ಇರಲಿ. ಅವುಗಳ ನಡುವೆ ಸಮಚಿಹ್ನೆ ಮಾತ್ರ ಬೇಡ.

ಅಭ್ಯಾಸಕ್ಕೆ

1. ‘ಅವತಾರ’ ಮತ್ತು ‘ವಿಕಾಸ’ ಪದಗಳ ಮೂಲಾರ್ಥಗಳನ್ನು ವಿವರಿಸಿ, ಅವುಗಳ ದಿಕ್ಕಿನಲ್ಲಿರುವ ಭೇದವನ್ನು ತಿಳಿಸಿರಿ.

2. ಆದಿಪುರಾಣದ ಭವಾವಳಿಯ ಕಲ್ಪನೆಗೂ ಜೀವವಿಕಾಸದ ಕಲ್ಪನೆಗೂ ಇರುವ ವ್ಯತ್ಯಾಸವನ್ನು ನಿರೂಪಿಸಿರಿ.

3. ನಿಮ್ಮ ಊರಿನ ಮಾತಿನಲ್ಲಿ ಕನ್ನಡಕ್ಕೂ ತೆಲುಗಿಗೂ ಸಮಾನವಾದ ಹತ್ತು ದೇಶ್ಯ ಪದಗಳನ್ನು ಸಂಗ್ರಹಿಸಿ, ಯಾವುದರಲ್ಲಿ ಹಳೆಯ ಧ್ವನಿ ಉಳಿದಿದೆ, ಯಾವುದರಲ್ಲಿ ಬದಲಾಗಿದೆ ಎಂಬುದನ್ನು ಗುರುತಿಸಿರಿ.